ಗಾಳಿಗೆ ಬಿಟ್ಟ ಮೂಲೆ

ಲಿಮಾ ಪಟ್ಟಣದ ಪೂರ್ವಕ್ಕಿರುವ ಬೋಳು ಗುಡ್ಡಗಳಲ್ಲಿ ಸಾನ್ ಗಬಿನೋ ಎಂಬುದೊಂದು. ಅಲ್ಲಿ ಗಾರೆ ಮೇಸ್ತ್ರಿ ಮೆಲಿಟೋನ್ ತಾಯ್ಪೆಯ ಕರಣೆ ಮುಟ್ಟದ ಓಣಿ ಇರಲಿಲ್ಲ. ಯಾರ ಮಗನಿಗೆ ಮದುವೆ ಗೊತ್ತಾದರೂ, ಯಾರ ತಂಗಿ ಹಳ್ಳಿಯಿಂದ ಗಂಟುಮೂಟೆ ಹೊತ್ತು ಬಂದಿಳಿದರೂ, ಮೊದಲು ಕರೆ ಹೋಗುತ್ತಿದ್ದುದು ಅವನಿಗೆ. ಅವನು ಬಂದು ಗೋಡೆಯನ್ನು ಅಂಗೈಯಿಂದ ತಟ್ಟಿ, ತಾರಸಿಯ ಮೇಲೆ ಮುಂದಿನ ಅಂತಸ್ತಿಗೆಂದು ಬಿಟ್ಟ ಕಂಬಿಗಳನ್ನು ಅಲುಗಾಡಿಸಿ ನೋಡಿ, "ಆಗುತ್ತೆ" ಎನ್ನುತ್ತಿದ್ದ. ಅವನ ಬಾಯಲ್ಲಿ "ಆಗಲ್ಲ" ಎಂಬ ಮಾತನ್ನು ಗುಡ್ಡದವರು ಕೇಳಿದ್ದೇ ಇಲ್ಲ.

ತಾರಸಿಗೆ ಮೋಲ್ಡ್ ಹಾಕುವ ದಿನವೆಂದರೆ ಹಬ್ಬ. ಓಣಿಯ ಗಂಡಸರೆಲ್ಲ ಸಾಲಾಗಿ ನಿಂತು ಕಾಂಕ್ರೀಟಿನ ಡಬ್ಬಿಗಳನ್ನು ಹೆಗಲಿಂದ ಹೆಗಲಿಗೆ ದಾಟಿಸುವರು. ಹೆಂಗಸರು ಕೆಳಗೆ ಆಲೂಗಡ್ಡೆ, ಗಿನಿಯಿಲಿ ಮಾಂಸ ಬೇಯಿಸುವರು. ಕೆಲಸ ಮುಗಿದ ಮೇಲೆ ಒಂದೇ ಲೋಟದಲ್ಲಿ ಬಿಯರು ಎಲ್ಲರ ಕೈ ಸುತ್ತಿ ಬರುವುದು. ಮನೆಯೊಡತಿ ಕಾಗದದ ಹೂ ಸುತ್ತಿದ ಶಿಲುಬೆಯನ್ನು ಹಸಿ ತಾರಸಿಯ ಮೇಲೆ ನಿಲ್ಲಿಸುವಳು. ಮೆಲಿಟೋನ್ ಎಲ್ಲರಿಗಿಂತ ಕಡಿಮೆ ಕುಡಿದು, ಎಲ್ಲರಿಗಿಂತ ಕೊನೆಗೆ ಕೆಳಗಿಳಿಯುವನು.

ಅವನು ಹುಟ್ಟಿದ್ದು ವಾಂಕಾವೆಲಿಕಾ ಎಂಬ ಬೆಟ್ಟಸೀಮೆಯ ಎತ್ತರದ ಹಳ್ಳಿಯೊಂದರಲ್ಲಿ. ಮೀಸೆ ಮೂಡುವ ವಯಸ್ಸಿನಲ್ಲಿ ಸೋದರಮಾವನ ಹಿಂದೆ ಲಿಮಾಕ್ಕೆ ಬಂದ. ಮದುವೆಯಾದ ಹೊಸತರಲ್ಲಿ ಅವನೂ ಹೆಂಡತಿ ಬಸೀಲಿಯಾಳೂ ಊರಕಡೆಯ ಇನ್ನಷ್ಟು ಜನರ ಜೊತೆ ಸೇರಿ ಸಾನ್ ಗಬಿನೋ ಹತ್ತಿ, ನಾಲ್ಕು ಗಳ ನೆಟ್ಟು, ಜೊಂಡಿನ ಚಾಪೆ ಕಟ್ಟಿ, "ಇದು ನಮ್ಮದು" ಎಂದು ಕೂತುಬಿಟ್ಟಿದ್ದರು. ಅಲ್ಲಿ ಮಳೆಯೇನೋ ಬರುವುದಿಲ್ಲ. ಆದರೆ ಕಡಲ ಕಡೆಯಿಂದ ಬರುವ ಮಂಜು ತಿಂಗಳುಗಟ್ಟಲೆ ಗುಡ್ಡವನ್ನು ಬಿಡುವುದಿಲ್ಲ. ಚಾಪೆಯ ಸಂದಿಯಿಂದ ಆ ತಣ್ಣನೆ ಗಾಳಿ ಸೂಜಿಯ ಹಾಗೆ ನುಗ್ಗುತ್ತಿತ್ತು. ಬಸೀಲಿಯಾ ಸಂದಿಗಳಿಗೆ ಹಳೇ ಪೇಪರು ತುರುಕುತ್ತಿದ್ದಳು. ಹಾಗಿದ್ದೂ ಚೊಚ್ಚಲ ಮಗು ಆನ್ಸೆಲ್ಮೋ ಎದೆಗೆ ಕಫ ಕಟ್ಟಿ, ಮೂರು ದಿನ ಉಸಿರಿಗೆ ಒದ್ದಾಡಿ, ಹೋಗಿಬಿಟ್ಟ.

ಮಣ್ಣು ಮಾಡಿ ಬಂದ ಮೆಲಿಟೋನ್ ಚಾಪೆಯ ಮುಂದೆ ಬಹಳ ಹೊತ್ತು ಕೂತಿದ್ದ. ಆಮೇಲೆ ಹೆಂಡತಿಗೆ ಹೇಳಿದ, "ಇನ್ನು ಈ ಮನೆಯೊಳಗೆ ಒಂದು ಸೊಳ್ಳೆ ತೂರೋವಷ್ಟೂ ಗಾಳಿ ಬಿಡಲ್ಲ ಕಣೇ."

ಆ ಮಾತನ್ನು ಅವನು ನಡೆಸಿಕೊಟ್ಟ. ಇಟ್ಟಿಗೆ, ಸಿಮೆಂಟು, ಕಂಬಿಗೆ ಆ ಊರಿನ ಜನ ಇಟ್ಟ ಹೆಸರು ‘ಮರ್ಯಾದಸ್ಥ ಸಾಮಾನು’. ಚಾಪೆಯಲ್ಲಿದ್ದವನು ಬಡವ, ಇಟ್ಟಿಗೆಯೊಳಗೆ ಇದ್ದವನು ಮನುಷ್ಯ. ಮೆಲಿಟೋನ್ ಪಟ್ಟಣದ ದೊಡ್ಡ ಕಟ್ಟಡಗಳಲ್ಲಿ ಹಗಲೆಲ್ಲ ಗಾರೆ ಕಲಸಿ ಕೆಲಸ ಕಲಿತ. ಭಾನುವಾರಗಳಲ್ಲಿ ತನ್ನ ಮನೆಗೆ ಒಂದೊಂದೇ ಸಾಲು ಇಟ್ಟಿಗೆ ಏರಿಸಿದ. ಆಮೇಲೆ ಅಕ್ಕಪಕ್ಕದವರಿಗೆ, ಆಮೇಲೆ ಇಡೀ ಗುಡ್ಡಕ್ಕೆ.

ಹಕ್ಕುಪತ್ರ ಕೊಡುತ್ತಾರಂತೆ ಎಂಬ ಸುದ್ದಿ ಬಂದ ವರ್ಷ ಅವನಿಗೆ ತಲೆ ಕೆರೆದುಕೊಳ್ಳಲು ಪುರಸೊತ್ತಿರಲಿಲ್ಲ. ಗೋಡೆ ಎಲ್ಲಿಯವರೆಗಿದೆಯೋ ಜಾಗ ಅಲ್ಲಿಯವರೆಗೆ ಎಂದು ಯಾರೋ ಹೇಳಿದರು. ಎಲ್ಲರೂ ಗಡಿಯ ಅಂಚಿಗೇ ಗೋಡೆ ಎಬ್ಬಿಸಿದರು. ಮನೆ ಮನೆಗಳ ನಡುವೆ ನಾಯಿ ಓಡಾಡುತ್ತಿದ್ದ ಸಂದಿಗಳು ಮುಚ್ಚಿಹೋದವು. ಮೆಲಿಟೋನನ ಮನೆಯ ಹಿಂದಿನ ಮನೆ ರೊಸೆಂದಾಳದು. ಗಂಡ ಬಿಟ್ಟುಹೋದ ಮೇಲೆ ಒಂಟಿಯಾಗಿ ಮೂರು ಮಕ್ಕಳನ್ನು ಸಾಕಿದ, ನಾಲಗೆ ಹರಿತವಾದ ಹೆಂಗಸು. ಅವಳ ಅಡುಗೆಮನೆಯ ಕಿಟಕಿಗೆ ಅಡ್ಡವಾಗಿ ಇವನ ಗೋಡೆ ಏಳುತ್ತಿದ್ದಾಗ ಅವಳು ಸೌಟು ಹಿಡಿದೇ ಹೊರಗೆ ಬಂದಳು.

"ಮೇಸ್ತ್ರಿ, ನನ್ನ ಕಿಟಕಿಗೆ ಗೋಡೆ ಕಟ್ತಿದೀಯಲ್ಲ, ನಾಚಿಕೆ ಆಗಲ್ವಾ?"

"ನನ್ನ ಜಾಗದಲ್ಲಿ ನಾನು ಕಟ್ತಿದೀನಿ ಅಕ್ಕ. ನಿಮ್ಮ ಕಿಟಕಿ ನನ್ನ ಜಾಗ ನೋಡ್ತಾ ನಿಂತ್ರೆ ನಾನೇನು ಮಾಡ್ಲಿ?"

"ಹೊಗೆ ಎಲ್ಲಿಗೆ ಹೋಗ್ಬೇಕು?"

"ಇನ್ನೊಂದು ಅಂತಸ್ತು ಏರಿಸಿ. ಅಡುಗೆಮನೆ ಮೇಲಕ್ಕೆ ಹಾಕೋಣ."

ಅವಳು ಒಂದು ವರ್ಷ ಮಾತು ಬಿಟ್ಟಳು. ಮುಂದಿನ ವರ್ಷ ಇನ್ನೊಂದು ಅಂತಸ್ತು ಏರಿಸಲು ಅವನನ್ನೇ ಕರೆದಳು. ಆ ಗುಡ್ಡದಲ್ಲಿ ಜಗಳಗಳು ಹೀಗೆಯೇ ಮುಗಿಯುತ್ತಿದ್ದವು. ಒಬ್ಬರ ಬೆಳಕನ್ನು ಇನ್ನೊಬ್ಬರು ಮುಚ್ಚುವುದು, ಮುಚ್ಚಿಸಿಕೊಂಡವರು ಮೇಲಕ್ಕೆ ಹತ್ತಿ ಮತ್ತೊಬ್ಬರ ಬೆಳಕನ್ನು ಮುಚ್ಚುವುದು. ಅಂತಸ್ತು ಮೇಲೇರಿದ ಹಾಗೆ ಕೋಣೆ ದೊಡ್ಡದಾಗಲಿ ಎಂದು ಒಂದೊಂದು ಮೊಳ ಓಣಿಯ ಮೇಲಕ್ಕೂ ಚಾಚುತ್ತಿದ್ದರು. ಎದುರು ಬದುರು ಮನೆಯವರು ಮೂರನೇ ಅಂತಸ್ತಿನಿಂದ ಕೈಗೆ ಕೈ ಕೊಟ್ಟು ಉಪ್ಪು ಸಕ್ಕರೆ ಬದಲಾಯಿಸಿಕೊಳ್ಳಬಹುದಾಗಿತ್ತು. ಕೆಳಗೆ ಗುಡ್ಡ ಹತ್ತುವ ಓಣಿಯ ಹಳದಿ ಬಣ್ಣದ ಮೆಟ್ಟಿಲುಗಳಿಗೆ ಮಧ್ಯಾಹ್ನವೂ ದೀಪ ಬೇಕು.

ಮೆಲಿಟೋನನಿಗೆ ಆಮೇಲೆ ಇಬ್ಬರು ಮಕ್ಕಳಾದರು. ಮಗ ರುಫೀನೋ, ಮಗಳು ನೆಲಿದಾ. ಅಪ್ಪ ಕಟ್ಟಿದ ಬಿಗಿ ಗೋಡೆಗಳ ನಡುವೆ ಇಬ್ಬರೂ ಬೆಳೆದು ದೊಡ್ಡವರಾದರು. ನೆಲಿದಾ ಹೊಲಿಗೆ ಕಲಿತಳು. ಪಟ್ಟಣದ ಬಟ್ಟೆ ಬಜಾರಿನಲ್ಲಿ ಕೆಲಸಕ್ಕೆ ಹೋಗಿಬರಲು ಕಿಟಕಿ ತೆರೆಯದ ವ್ಯಾನುಗಳಲ್ಲಿ ದಿನದ ಕಾಲು ಭಾಗ ಹಾಳಾಗುತ್ತಿತ್ತು. ಹಾಗಾಗಿ ಮನೆಯ ಕೆಳಗಿನ ಕೋಣೆಯಲ್ಲೇ ಹೊಲಿಗೆ ಯಂತ್ರಗಳನ್ನು ಹಾಕಿಸಿಕೊಂಡು, ಓಣಿಯ ಹುಡುಗಿಯರನ್ನು ಸೇರಿಸಿಕೊಂಡಳು. ಅಪ್ಪನಿಗೆ ಅವಳೆಂದರೆ ಪ್ರಾಣ. ಅವಳಿಗೆ ಅಪ್ಪನನ್ನು ಕೆಣಕದಿದ್ದರೆ ಅನ್ನ ಇಳಿಯದು.

"ಅಪ್ಪ, ಗೋಡೆಗೂ ಕಿವಿ ಇರುತ್ತೆ ಅಂತಾರೆ. ನಿಮ್ಮ ಗೋಡೆಗೆ ಕಿವೀನೂ ಇಲ್ಲ, ಮೂಗೂ ಇಲ್ಲ."

"ಭೂಕಂಪ ಬರ್ಲಿ, ಆಗ ಗೊತ್ತಾಗುತ್ತೆ ನನ್ನ ಗೋಡೆ ಏನು ಅಂತ."

"ಅಷ್ಟರೊಳಗೆ ನಾವು ಒಳಗೇ ಬೆಂದಿರ್ತೀವಿ ಬಿಡಿ."

ನೆಲಿದಾಳಿಗೆ ಕೆಮ್ಮು ಶುರುವಾದಾಗ ಎಲ್ಲರೂ ಬಟ್ಟೆಯ ಜುಂಗು ಮೂಗಿಗೆ ಹೋಗಿದ್ದು ಎಂದರು. ಬಾಗಿಲು ತೆರೆದರೆ ಕಳ್ಳರ ಭಯ, ಬಟ್ಟೆಗೆ ಧೂಳು. ಆದ್ದರಿಂದ ಹುಡುಗಿಯರು ಬಾಗಿಲು ಹಾಕಿಕೊಂಡೇ ಹೊಲಿಯುತ್ತಿದ್ದರು. ಬಸೀಲಿಯಾ ಊರಿನ ಪದ್ಧತಿಯಂತೆ ನಾಟಿ ವೈದ್ಯೆಯೊಬ್ಬಳಿಂದ ಬದುಕಿದ್ದ ಗಿನಿಯಿಲಿಯನ್ನು ಮಗಳ ಮೈಮೇಲೆಲ್ಲ ಉಜ್ಜಿಸಿ, ಅದರ ಹೊಟ್ಟೆ ಸೀಳಿಸಿ ನೋಡಿಸಿದಳು. ಇಲಿಯ ಶ್ವಾಸಕೋಶದ ಮೇಲೆ ಚುಕ್ಕೆ ಇದೆ ಎಂದು ನೋಡಿದವಳು ಹೇಳಿದಳು. ಗುಡ್ಡದ ಬುಡದ ಆಸ್ಪತ್ರೆಯಲ್ಲಿ ಕಫ ನೋಡಿದವರೂ ಅದನ್ನೇ ಹೇಳಿದರು. ಕ್ಷಯ.

ಆರು ತಿಂಗಳು ಮಾತ್ರೆ. ದಿನಾ ಬೆಳಿಗ್ಗೆ ನರ್ಸಮ್ಮನ ಎದುರಿಗೇ ನುಂಗಬೇಕು. ನೆಲಿದಾಳಿಗೆ ಗೊತ್ತಾಗಿದ್ದ ಗಂಡು ಎದ್ಗಾರ್ ಒಂದು ವಾರ ಬಂದು ಹೋದ, ಆಮೇಲೆ ಬರುವುದನ್ನು ಬಿಟ್ಟ. ಅವಳ ತಟ್ಟೆ ಲೋಟ ಬೇರೆಯಾದವು. ಹಾಗೆ ಮಾಡಲು ಯಾರೂ ಹೇಳಿರಲಿಲ್ಲ, ಬಸೀಲಿಯಾಳ ಕೈ ತಾನಾಗಿಯೇ ಹಾಗೆ ಮಾಡಿತು.

ಮಾತ್ರೆ ಕೆಲಸ ಮಾಡಿತು. ಎರಡು ತಿಂಗಳಲ್ಲಿ ಮೈ ತುಂಬಿಕೊಂಡಿತು, ಕೆಮ್ಮು ನಿಂತಿತು. ಅದೇ ಹೊತ್ತಿಗೆ ರುಫೀನೋಗೆ ಮದುವೆ ನಿಶ್ಚಯವಾಯಿತು. ಮಗನಿಗೆ ಮೂರನೇ ಅಂತಸ್ತು ಏರಿಸಲೇಬೇಕೆಂದು ಮೆಲಿಟೋನ್ ಹಟ ಹಿಡಿದ. ಡಿಸೆಂಬರಿನಲ್ಲಿ ಕ್ರಿಸ್‌ಮಸ್ ಬಟ್ಟೆಗಳ ಕೆಲಸ ಮೈತುಂಬ. ಆ ಕೂಲಿಯಲ್ಲೇ ಕಂಬಿ ಬರಬೇಕು. ಬೆಳಿಗ್ಗೆ ಆಸ್ಪತ್ರೆಯ ಸಾಲಿನಲ್ಲಿ ನಿಂತರೆ ಹತ್ತಾರು ಅಂಗಿ ಹಿಂದೆ ಬೀಳುತ್ತವೆ.

"ನಾಳೆ ಹೋಗ್ತೀನಿ ಬಿಡಿ ಅಪ್ಪ, ಈಗ ಚೆನ್ನಾಗೇ ಇದೀನಲ್ಲ," ಎಂದಳು ನೆಲಿದಾ.

"ನಿಂಗೆ ಹೇಗೆ ಅನ್ಸುತ್ತೋ ಹಾಗೆ ಮಾಡಮ್ಮ," ಎಂದ ಮೆಲಿಟೋನ್. ತಾರಸಿಗೆ ಆಸರೆ ಕೊಡುವ ಸೆಂಟ್ರಿಂಗ್ ಹಲಗೆಗಳ ಲೆಕ್ಕದಲ್ಲಿ ಅವನ ತಲೆಯಿತ್ತು.

ಡಿಸೆಂಬರ್ ಪೂರ್ತಿ ಅವಳು ಮಾತ್ರೆಗೆ ಹೋಗಲಿಲ್ಲ. ಮೋಲ್ಡ್ ಬಿತ್ತು, ಶಿಲುಬೆ ನಿಂತಿತು, ಬಿಯರು ಸುತ್ತಿತು. ಜನವರಿಯಲ್ಲಿ ಅವಳು ಮತ್ತೆ ಸಾಲಿನಲ್ಲಿ ನಿಂತಾಗ ನರ್ಸಮ್ಮ ಬೈದಳು, ಮಾತ್ರೆಯನ್ನೂ ಕೊಟ್ಟಳು. ಒಂದು ವರ್ಷ ಕಳೆಯುವುದರೊಳಗೆ ಕೆಮ್ಮು ತಿರುಗಿ ಬಂತು. ಈ ಸಲ ಹಳೆಯ ಮಾತ್ರೆಗಳಿಗೆ ಅದು ಬಗ್ಗಲಿಲ್ಲ. ಅರ್ಧಕ್ಕೆ ಬಿಟ್ಟ ರೋಗ ಮದ್ದನ್ನೇ ತಿಂದು ಗಟ್ಟಿಯಾಗಿತ್ತು. ಎರಡು ವರ್ಷದ ಚಿಕಿತ್ಸೆ, ದಿನಾ ಸೂಜಿ. ಸೂಜಿಯ ಮದ್ದು ಅವಳ ಕಿವಿಗಳನ್ನು ಮೆಲ್ಲಮೆಲ್ಲಗೆ ತೆಗೆದುಕೊಂಡಿತು.

"ಒಳ್ಳೇದೇ ಆಯ್ತು, ಪಕ್ಕದ ಮನೆ ರೇಡಿಯೋ ಕೇಳಿಸಲ್ಲ," ಎನ್ನುತ್ತಿದ್ದಳು. ಆಮೇಲೆ ಅವಳ ಜೊತೆ ಹೊಲಿಯುತ್ತಿದ್ದ ಹುಡುಗಿಯೊಬ್ಬಳು ಅದೇ ಕಾಯಿಲೆಗೆ ಮಲಗಿದಳು. ಆಮೇಲೆ ಓಣಿಯ ಬಾಯಲ್ಲಿ ಚಪ್ಪಲಿ ಹೊಲಿಯುವ ತೆಯೋದುಲೋನ ಹೆಂಡತಿ. ನೆಲಿದಾಳ ಯಂತ್ರಗಳ ಮೇಲೆ ಬಟ್ಟೆ ಹೊದಿಸಿದರು.

ಆ ವರ್ಷ ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ಎಲ್ವೀರಾ ಎಂಬ ಡಾಕ್ಟರಮ್ಮ ಒಂದು ಭಾನುವಾರ ಓಣಿಯವರನ್ನೆಲ್ಲ ಸಮುದಾಯದ ಕೋಣೆಗೆ ಕರೆದಳು. ಕರೆದದ್ದು ಇಡೀ ಓಣಿಯನ್ನು, ಬಂದದ್ದು ಅರ್ಧ. ನೆಲಿದಾ ಬಾಯಿಗೆ ಮುಸುಕು ಹಾಕಿಕೊಂಡು ಬಾಗಿಲ ಪಕ್ಕ ಕೂತಳು. ಪಕ್ಕದಲ್ಲಿ ಅಮ್ಮ. ಡಾಕ್ಟರಮ್ಮ ಚೀಲದಿಂದ ಕೆಂಪು ಉಣ್ಣೆಯ ಉಂಡೆ ತೆಗೆದಳು.

"ಏನ್ ಡಾಕ್ಟ್ರಮ್ಮ, ಸ್ವೆಟರ್ ಹೆಣೆಯೋಕೆ ಕರೆದ್ರಾ?" ರೊಸೆಂದಾ ಶುರು ಮಾಡಿದಳು.

"ಇವತ್ತು ಭಾಷಣ ಇಲ್ಲ ಅಮ್ಮ," ಎಂದಳು ಡಾಕ್ಟರಮ್ಮ. "ನಾನು ಮಾತ್ರೆ ಕೊಡ್ತೀನಿ, ವಾಸಿಯಾಗುತ್ತೆ, ಅದೇ ಓಣಿಯಿಂದ ಮತ್ತೊಬ್ರು ಬರ್ತಾರೆ. ಯಾಕೆ ಅಂತ ನಂಗೊತ್ತಿರೋದು ಕಾಲು ಭಾಗ. ಉಳಿದದ್ದು ನಿಮ್ಮೆಲ್ಲರ ಹತ್ರ ಚೂರುಚೂರಾಗಿದೆ. ಜೋಡಿಸೋಣ. ಯಾರ ತಪ್ಪು ಅನ್ನೋದು ಬೇಡ. ಯಾವುದರಿಂದ ಯಾವುದು ಆಗುತ್ತೆ, ಅಷ್ಟು ಹೇಳಿ."

ದಾರದ ತುದಿಯನ್ನು ಯಾರಿಗೆ ಕೊಡಲಿ ಎಂದು ಅವಳು ನೋಡುತ್ತಿರುವಾಗ ನೆಲಿದಾ ಕೈ ಚಾಚಿದಳು. "ನನ್ನಿಂದಾನೇ ಶುರುವಾಗ್ಲಿ. ನಾನು ಕೆಮ್ಮು."

ಯಾರೋ ನಕ್ಕರು, ಆಮೇಲೆ ನಗುವುದನ್ನು ನಿಲ್ಲಿಸಿದರು.

"ಕೆಮ್ಮಿದ್ರೆ ಏನಾಗುತ್ತೆ?" ಡಾಕ್ಟರಮ್ಮ ಕೇಳಿದಳು.

"ಹೊಲಿಗೆ ನಿಲ್ಲುತ್ತೆ," ಎಂದಳು ನೆಲಿದಾಳ ಹತ್ತಿರ ಹೊಲಿಗೆಗೆ ಬರುತ್ತಿದ್ದ ಹುಡುಗಿಯೊಬ್ಬಳು. ದಾರ ಅವಳ ಕೈಗೆ ಹೋಯಿತು. "ಹೊಲಿಗೆ ನಿಂತ್ರೆ ಬಾಡಿಗೆ ನಿಲ್ಲುತ್ತೆ." ಅವಳು ಇದ್ದದ್ದು ರೊಸೆಂದಾಳ ಮನೆಯ ಬಾಡಿಗೆ ಕೋಣೆಯಲ್ಲಿ. ದಾರ ರೊಸೆಂದಾಳ ಮಡಿಲಿಗೆ ಬಂತು.

"ಬಾಡಿಗೆ ಬರ್ದಿದ್ರೆ ನಾನೇನು ಉಪವಾಸ ಕೂರ್ಲಾ? ಮಧ್ಯ ಹಲಗೆ ಹೊಡೆದು ಒಂದು ಕೋಣೆನ ಎರಡು ಮಾಡ್ತೀನಿ."

"ಎರಡಕ್ಕೂ ಕಿಟಕಿ ಇರುತ್ತಾ ಅಮ್ಮ?"

"ಒಂದಕ್ಕೆ ಕಿಟಕಿ. ಇನ್ನೊಂದಕ್ಕೆ ಬಾಗಿಲಿದೆಯಲ್ಲ."

"ಬಾಗಿಲು ತೆಗೆದಿಟ್ರೆ ಸಾಮಾನು ಹೋಗುತ್ತೆ," ಎಂದ ತೆಯೋದುಲೋ. ದಾರ ಅವನಿಗೆ. "ಓಣಿ ಕತ್ತಲು. ಯಾರು ಬಂದ್ರೂ ಮುಖ ಕಾಣಲ್ಲ. ಅದಕ್ಕೇ ಎಲ್ಲಾರೂ ಚಿಲಕ ಹಾಕ್ಕೊಂಡು ಕೂರೋದು."

"ಓಣಿ ಯಾಕೆ ಕತ್ತಲು?"

ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿತು. ಮೆಲಿಟೋನ್ ಗಂಟಲು ಸರಿಮಾಡಿಕೊಂಡ.

"ಮೇಲಿನ ಅಂತಸ್ತು ಮುಂದಕ್ಕೆ ಚಾಚ್ತೀವಿ. ಎರಡೂ ಕಡೆಯಿಂದ."

"ಯಾಕೆ ಮೇಸ್ತ್ರಿ?"

"ಕೇಳ್ತಾರೆ, ಮಾಡ್ತೀವಿ. ಕೋಣೆ ದೊಡ್ಡದಾಗ್ಲಿ ಅಂತ. ಮಗನಿಗೆ ಮದುವೆ ಅಂತ. ಬಾಡಿಗೆಗೆ ಅಂತ. ಮನೇಲಿ ಯಾರಾದ್ರೂ ಕಾಯಿಲೆ ಬಿದ್ದು ದುಡಿಮೆ ನಿಂತ್ರೆ, ಬಾಡಿಗೆನಾದ್ರೂ ಬರ್ಲಿ ಅಂತ..."

ಡಾಕ್ಟರಮ್ಮ ದಾರವನ್ನು ತೆಗೆದುಕೊಂಡು ಹೋಗಿ ನೆಲಿದಾಳ ಇನ್ನೊಂದು ಕೈಗೆ ಕೊಟ್ಟಳು. ಅದು ಸುತ್ತು ಹಾಕಿ ಹೊರಟಲ್ಲಿಗೇ ಬಂದಿತ್ತು.

ಆಮೇಲೆ ಎಲ್ಲರೂ ಮಾತಾಡತೊಡಗಿದರು. ವ್ಯಾನಿನ ಕಿಟಕಿ, ದೂರದ ಕೆಲಸ, ಹಕ್ಕುಪತ್ರದ ಗಡಿ, ಊರಿಂದ ಬರುವ ನೆಂಟರು. ದಾರ ಅಡ್ಡಾದಿಡ್ಡಿ ಓಡಿತು. ಮೆಲಿಟೋನನ ಮೊಣಕಾಲ ಮೇಲಂತೂ ಎಷ್ಟೋ ಸಲ ಹಾದುಹೋಯಿತು.

"ಎಲ್ಲಾ ದಾರ ಮೇಸ್ತ್ರಿ ಮಡಿಲಿಗೇ ಬಂತಲ್ಲಪ್ಪ," ಎಂದಳು ರೊಸೆಂದಾ.

"ಅವ್ರೊಬ್ರು ಕೈ ಬಿಟ್ರೆ ಸಡಿಲ ಆಗುತ್ತೆ ಅಷ್ಟೆ, ಬಿಚ್ಚೋಲ್ಲ," ಎಂದಳು ಡಾಕ್ಟರಮ್ಮ. "ಯಾರೊಬ್ರ ತಪ್ಪೂ ಅಲ್ಲ ಇದು."

ನೆಲಿದಾ ಅವಳ ತುಟಿಗಳನ್ನೇ ನೋಡುತ್ತಿದ್ದು ಹೇಳಿದಳು, "ನೀವೂ ಒಂದು ಸುತ್ತು ಹಾಕ್ಕೊಳ್ಳಿ ಡಾಕ್ಟ್ರಮ್ಮ. ನಾವು ಹೊಲಿಯೋ ಹೊತ್ತಲ್ಲೇ ನಿಮ್ಮ ಮಾತ್ರೆ ಕಿಟಕಿ ತೆಗೆಯೋದು."

ಡಾಕ್ಟರಮ್ಮ ದಾರವನ್ನು ಮಣಿಕಟ್ಟಿಗೆ ಸುತ್ತಿಕೊಂಡಳು. ಮುಂದಿನ ತಿಂಗಳಿಂದ ಸಂಜೆಯೂ ಮಾತ್ರೆ ಕೊಡಲು ಶುರುವಾಯಿತು. ಅಷ್ಟು ಅವಳ ಕೈಲಿತ್ತು.

ಯಾರೊಬ್ಬರ ತಪ್ಪೂ ಅಲ್ಲ ಎಂಬ ಮಾತು ಮೆಲಿಟೋನನಿಗೆ ಸಮಾಧಾನ ಕೊಡಲಿಲ್ಲ. ತಪ್ಪು ಒಬ್ಬನದಾಗಿದ್ದರೆ ಆ ಒಬ್ಬ ಹೋಗಿ ಮೊಣಕಾಲೂರಬಹುದಿತ್ತು. ಅವನು ಕಟ್ಟಿದ ಒಂದೊಂದು ಗೋಡೆಯೂ ನೆಟ್ಟಗಿತ್ತು. ಒಂದೊಂದಕ್ಕೂ ತಕ್ಕ ಕಾರಣವಿತ್ತು. ಎಲ್ಲ ಸೇರಿ ಆದದ್ದು ಮಾತ್ರ ಯಾರೂ ಬೇಡಿರದ ಒಂದು ಮುಚ್ಚಿದ ಪೆಟ್ಟಿಗೆ. ಮನೆಗೆ ಬಂದವನು ಹಿಂದಿನ ಮೂಲೆಯ ಕೋಣೆಯಲ್ಲಿ, ನೆಲಿದಾಳ ಮಂಚದ ಪಕ್ಕ ನಿಂತು, ಮೂರು ಅಂತಸ್ತನ್ನೂ ಮನಸ್ಸಿನಲ್ಲೇ ಸೀಳಿ ನೋಡಿದ.

ಮಾರನೆಯ ದಿನ ಊಟದ ಹೊತ್ತಿಗೆ ಹೇಳಿದ, "ಹಿಂದಿನ ಮೂಲೇಲಿ ಮೇಲಿಂದ ಕೆಳಗಿನವರೆಗೆ ತಾರಸಿ ಕತ್ತರಿಸ್ತೀನಿ. ಬೆಳಕಿಂಡಿ ಬೇಕು."

ರುಫೀನೋ ಚಮಚ ಕೆಳಗಿಟ್ಟ. "ಮೇಲಿನ ಮೂಲೆ ನಮ್ಮ ಮಗು ಮಲಗೋ ಜಾಗ ಅಪ್ಪ."

"ತೊಟ್ಟಿಲು ಆಚೆ ಸರಿಸು."

"ಆಚೆ ಎಲ್ಲಿ? ಹೆಂಡ್ತಿ ತಲೆ ಮೇಲಾ? ನೆಲಿದಾಗೋಸ್ಕರ ನಮ್ಮನ್ನ ಬೀದಿಗೆ ಹಾಕ್ತೀರಾ?"

ಬಾಯಿಂದ ಬಿದ್ದ ಮೇಲೆ ಅವನಿಗೇ ಕಸಿವಿಸಿಯಾಯಿತು. ನೆಲಿದಾಳಿಗೆ ಕೇಳಿಸಿರಲಿಲ್ಲ. ಆದರೆ ಎಲ್ಲರ ಮುಖ ನೋಡಿ ಅವಳು ಸೂಪಿನ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ರುಫೀನೋ ಆ ವಾರವೇ ಹೆಂಡತಿ ಮಗುವನ್ನು ಕರೆದುಕೊಂಡು ಅತ್ತೆಯ ಮನೆಗೆ ಹೋದ.

ಮೆಲಿಟೋನ್ ಒಬ್ಬನೇ ಕತ್ತರಿಸಿದ. ತಾನೇ ಕಟ್ಟಿದ ಕಂಬಿಗಳನ್ನು ತಾನೇ ಗರಗಸದಲ್ಲಿ ಕೊಯ್ದ. ಮಂಚದಗಲದ ತೂತು ಮೂರೂ ತಾರಸಿಗಳಲ್ಲಿ ಬಿತ್ತು. ಮಂಜು ಕವಿದ ಬಿಳಿ ಬೆಳಕು ನೆಲಿದಾಳ ಹೊದಿಕೆಯ ಮೇಲೆ ಇಳಿಯಿತು.

ಬೆಳಕು ಬಂತು, ಗಾಳಿ ಬರಲಿಲ್ಲ. ಒದ್ದೆ ಕಾಗದ ಹೊತ್ತಿಸಿ ಕೆಳಗಿಟ್ಟರೆ ಹೊಗೆ ಎದೆಯೆತ್ತರಕ್ಕೆ ಏರಿ ಅಲ್ಲೇ ತೂಗಾಡುತ್ತಿತ್ತು. ಹಿಂದೆ ರೊಸೆಂದಾಳ ನಾಲ್ಕು ಅಂತಸ್ತಿನ ಗೋಡೆ, ಪಕ್ಕದಲ್ಲಿ ಇನ್ನೆರಡು. ಬಾವಿಯ ತಳದಲ್ಲಿ ಕೂತ ಹಾಗೆ. ನಾಲ್ಕು ಮನೆಗಳೂ ಬೆನ್ನಿಗೆ ಬೆನ್ನು ತಾಗಿಸಿ ನಿಂತ ಜಾಗ ಅದು. ನಾಲ್ಕೂ ಮನೆಯವರು ಒಂದೊಂದು ಮೂಲೆ ಬಿಟ್ಟರೆ ಮಾತ್ರ ಗಾಳಿ ಎಳೆಯುತ್ತದೆ. ಅವನು ರೊಸೆಂದಾಳ ಬಾಗಿಲು ತಟ್ಟಿದ.

"ಅಕ್ಕ, ನಿಮ್ಮ ಕಡೆಯಿಂದ್ಲೂ ಒಂದು ಮೂಲೆ..."

"ಆ ಮೂಲೇಲಿ ಬಾಡಿಗೆಯವ್ರಿದಾರೆ ಮೇಸ್ತ್ರಿ."

"ಪೂರ್ತಿ ಕೋಣೆ ಬೇಡ. ಒಂದು ಮಂಚದ ಜಾಗ."

"ಮಂಚದ ಜಾಗ ಹೋದ್ರೆ ಅದು ಕೋಣೆನಾ? ಅವತ್ತು ನನ್ನ ಜಾಗ ಅಂದವನು ನೀನು. ಇವತ್ತು ನನ್ನ ಜಾಗ ಅನ್ನೋದು ನಾನು." ಆಮೇಲೆ ದನಿ ತಗ್ಗಿಸಿ ಹೇಳಿದಳು, "ಹುಡುಗಿಗೆ ಕೋಳಿ ಸೂಪು ಮಾಡಿದೀನಿ, ತಗೊಂಡು ಹೋಗು."

ಅವನು ಸೂಪಿನ ಪಾತ್ರೆ ಹಿಡಿದುಕೊಂಡು ಬಂದ.

ಅಲ್ಲಿ ಚಳಿಗಾಲ ಶುರುವಾಗುವುದು ಜೂನಿನಲ್ಲಿ; ನೆಲಿದಾ ಆ ಬೆಳಕಿನ ಕೆಳಗೆ ಅದರ ಅರ್ಧ ಕಳೆದಳು. ಮೇಲೆ ಹಾದುಹೋಗುವ ರಣಹದ್ದುಗಳನ್ನು ತೋರಿಸಿ, "ನನ್ನ ವಿಳಾಸ ಯಾರು ಕೊಟ್ರು ಇವಕ್ಕೆ?" ಎಂದು ತಮಾಷೆ ಮಾಡುತ್ತಿದ್ದಳು. ಅಪ್ಪ ನಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಅವಳು ಅವನನ್ನು ಹತ್ತಿರ ಕೂರಿಸಿಕೊಂಡು, ತನಗೆ ತನ್ನದೇ ದನಿ ಕೇಳಿಸದ ಕಾರಣ ಸ್ವಲ್ಪ ಜೋರಾಗಿಯೇ ಹೇಳಿದಳು, "ಡಿಸೆಂಬರಲ್ಲಿ ಮಾತ್ರೆ ಬಿಟ್ಟಿದ್ದು ನಾನು. ನೀವಲ್ಲ. ತಲೇಲಿ ಇಟ್ಕೊಂಡು ಕೊರಗಬೇಡಿ."

"ನಾನು ಹೋಗು ಅನ್ಬೇಕಿತ್ತು."

ಅವಳಿಗೆ ಕೇಳಿಸಲಿಲ್ಲ. ಅವನು ಮತ್ತೆ ಹೇಳಲಿಲ್ಲ.

ಆಗಸ್ಟಿನಲ್ಲಿ, ಮಂಜು ಗೋಡೆಗಳಿಂದ ತೊಟ್ಟಿಕ್ಕುವ ದಿನಗಳಲ್ಲಿ, ಒಂದು ಬೆಳಿಗ್ಗೆ ಅವಳ ಬಾಯಿಂದ ರಕ್ತ ಬಂತು. ಮೆಟ್ಟಿಲುಗಳಿಗೆ ಗಾಡಿ ಬರುವುದಿಲ್ಲ. ಮೆಲಿಟೋನ್ ಮತ್ತು ತೆಯೋದುಲೋ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಇಳಿಸತೊಡಗಿದರು. ಗುಡ್ಡದ ನಡುವಿನಲ್ಲೇ ಅವಳ ತಲೆ ಅಪ್ಪನ ತೋಳಿನ ಮೇಲೆ ಒರಗಿತು. ಕೆಳಗಿನವರೆಗೂ ಅವರು ಕುರ್ಚಿಯನ್ನು ಅಲುಗಿಸದೆ ಇಳಿಸಿದರು, ಇನ್ನೂ ಜೀವ ಇದ್ದವಳನ್ನು ಇಳಿಸುವ ಹಾಗೆ.

ರುಫೀನೋ ಮಣ್ಣಿಗೆ ಬಂದ. ಅಪ್ಪನ ಹೆಗಲಿಗೆ ಹೆಗಲು ಕೊಟ್ಟು ಪೆಟ್ಟಿಗೆ ಹೊತ್ತ. ಆದರೆ ಮನೆಗೆ ವಾಪಸು ಬರಲಿಲ್ಲ.

ಆಮೇಲೆ ಮೆಲಿಟೋನ್ ಕೆಲಸಕ್ಕೆ ಕರೆದವರಿಗೆಲ್ಲ ಒಂದೇ ಮಾತು ಹೇಳತೊಡಗಿದ. "ಬೆಳಕಿಂಡಿ ಬಿಟ್ರೆ ಬರ್ತೀನಿ. ಇಲ್ದಿದ್ರೆ ಆಗಲ್ಲ." ಜನ ಕೆನ್ನೆಗೆ ಕೈ ಹಚ್ಚಿ ನೋಡಿದರು. ಮಗಳು ಹೋದ ದುಃಖ, ಸರಿಹೋಗುತ್ತಾನೆ ಎಂದರು. ಸರಿಹೋಗದಿದ್ದಾಗ ಅವನ ಕೈಕೆಳಗೆ ಕೆಲಸ ಕಲಿತಿದ್ದ ಅಬುಂದಿಯೋನನ್ನು ಕರೆದರು. ಅಬುಂದಿಯೋ ಒಳ್ಳೆಯ ಕೆಲಸಗಾರ. ಗುರು ಕಲಿಸಿದಂತೆ, ಗಡಿಯ ಅಂಚಿನವರೆಗೂ ಬಿಗಿಯಾಗಿ ಕಟ್ಟುತ್ತಿದ್ದ.

ಮುಂದಿನ ಚಳಿಗಾಲ ಶುರುವಾಗುವ ಹೊತ್ತಿಗೆ ರೊಸೆಂದಾ ಬಂದು ಮೆಲಿಟೋನನ ಬಾಗಿಲಲ್ಲಿ ನಿಂತಳು. ಕೈಯಲ್ಲಿ ಸೌಟೂ ಇರಲಿಲ್ಲ, ಬಾಯಲ್ಲಿ ಬೈಗುಳವೂ ಇರಲಿಲ್ಲ. ಅವಳ ಮೊಮ್ಮಗಳು ಮಿಲಿಗೆ ಕೆಮ್ಮು. ಕಫ ನೋಡಿ ಆಗಿತ್ತು.

"ಎಲ್ಲಿ ಒಡೆಯಬೇಕು ಹೇಳು," ಎಂದಳು.

ಬಸೀಲಿಯಾ ಒಳಗಿನಿಂದ ಕೇಳಿಸಿಕೊಂಡಳು. ಹೊರಗೆ ಬಂದವಳೇ, "ಈಗ ಬಂದ್ಯಾ?" ಎಂದಳು.

ರೊಸೆಂದಾ ತಲೆ ತಗ್ಗಿಸಿದಳು. ಮೆಲಿಟೋನ್ ಹೆಂಡತಿಯನ್ನು ಗದರಿಸಲಿಲ್ಲ, ರೊಸೆಂದಾಳನ್ನು ಕೂರು ಎಂದೂ ಹೇಳಲಿಲ್ಲ. ಮೊಳೆಗೆ ನೇತುಹಾಕಿದ್ದ ತೂಗುಗುಂಡು ತೆಗೆದುಕೊಂಡು ಅವಳ ಹಿಂದೆ ಹೊರಟ.

ಮೂರನೆಯ ಮನೆಯ ತೆಯೋದುಲೋ ತನ್ನ ಮೂಲೆಯನ್ನು ಕೇಳುವ ಮೊದಲೇ ಕೊಟ್ಟ. ನಾಲ್ಕನೆಯ ಮನೆ ವಾಲ್ಟೆರ್ ಎಂಬವನದು. ಅವನಿರುವುದು ಇಟಲಿಯ ಮಿಲಾನಿನಲ್ಲಿ, ಮನೆ ತುಂಬ ಬಾಡಿಗೆಯವರು. ಮೆಲಿಟೋನ್ ಭಾನುವಾರ ಫೋನಿನಂಗಡಿಯಿಂದ ಮಾತಾಡಿದ. ದಾರದ ಕತೆ, ಮೂಲೆಯ ಕತೆ, ಹೊಗೆಯ ಕತೆ ಎಲ್ಲ ಹೇಳಿದ. ಆ ಕಡೆಯವನು ಪೂರ್ತಿ ಕೇಳಿಸಿಕೊಂಡ.

"ಮೇಸ್ತ್ರಿ, ಆ ಮನೆ ಕಟ್ಟೋಕೆ ನಾನಿಲ್ಲಿ ಎಷ್ಟು ವರ್ಷದಿಂದ ಕಂಡವರ ಮನೆ ಮುದುಕ್ರ ಮೈ ತೊಳೀತಿದೀನಿ ಗೊತ್ತಾ? ಅದರೊಳಗೆ ಒಂದು ದಿನ ನಾನು ಮಲಗಿಲ್ಲ. ಒಂದು ಇಟ್ಟಿಗೆನೂ ಮುಟ್ಟಬೇಡಿ. ಕೈ ಮುಗೀತೀನಿ."

ಮೆಲಿಟೋನ್ ಫೋನು ಇಟ್ಟು ಗುಡ್ಡ ಹತ್ತಿದ. ವಾಲ್ಟೆರನ ಮಾತಿನಲ್ಲೂ ಸುಳ್ಳಿರಲಿಲ್ಲ.

ಮೂರು ಮೂಲೆ ಒಡೆದರು. ಕೆಳಗೆ ಕಾಗದ ಹೊತ್ತಿಸಿದಾಗ ಹೊಗೆ ಎದೆಯೆತ್ತರ ದಾಟಿತು, ಒಂದನೇ ಅಂತಸ್ತು ದಾಟಿತು, ವಾಲ್ಟೆರನ ಗೋಡೆಗೆ ಬಡಿದು ಸ್ವಲ್ಪ ಸುತ್ತಿ, ಕುಂಟುತ್ತ ಮೇಲೆ ಹೋಯಿತು. ಪೂರ್ತಿ ಅಲ್ಲ, ಆದರೂ ಹೋಯಿತು. ಮಿಲಿ ಆ ಬೆಳಕಿನ ಪಕ್ಕ ಮಲಗಿ ಮಾತ್ರೆ ನುಂಗಿದಳು. ಅಜ್ಜಿ ಒಂದು ದಿನವೂ ತಪ್ಪಿಸಲಿಲ್ಲ. ಸಂಜೆಯ ಸಾಲಿನಲ್ಲಿ ತಾನೇ ಮೊದಲು ನಿಂತಿರುತ್ತಿದ್ದಳು. ಹುಡುಗಿ ವಾಸಿಯಾದಳು.

ಎಲ್ವೀರಾ ಡಾಕ್ಟರಮ್ಮ ಬಂದು ನೋಡಿ, ಬಹಳ ಹೊತ್ತು ಕತ್ತೆತ್ತಿ ನಿಂತಿದ್ದು ಹೋದಳು. ಅದಾದ ಸ್ವಲ್ಪ ದಿನಕ್ಕೆ ಅವಳ ಕೆಲಸದ ಅವಧಿ ಮುಗಿಯಿತು. ಬದಲಿಗೆ ಬಂದವರಿಗೆ ರೋಗಿಗಳ ಸಾಲು ಮುಗಿಸುವುದೇ ಸಾಕಾಗಿತ್ತು. ಪಕ್ಕದ ಓಣಿಗಳಿಗೆ ಮೆಲಿಟೋನನೇ ಹೋಗಿ ಹೇಳಿದ. ಕೆಲವರು ಬಂದು ನೋಡಿದರು. "ಮುಂದಿನ ವರ್ಷ ನೋಡೋಣ ಮೇಸ್ತ್ರಿ" ಎಂದವರೇ ಹೆಚ್ಚು.

ಜೂನಿನಲ್ಲಿ ವಾಲ್ಟೆರನ ಮನೆಯ ಹಿಂಬದಿಯ ಕೋಣೆಯಲ್ಲಿ ಬಾಡಿಗೆಗಿದ್ದ ಹುಡುಗಿಯೊಬ್ಬಳು ಕೆಮ್ಮತೊಡಗಿದಳು. ಬೆಳಗಿನ ಜಾವ ಓಣಿಯ ಬಾಯಲ್ಲಿ ತಳ್ಳುಗಾಡಿಯಲ್ಲಿ ಬಿಸಿ ಕಷಾಯ ಮಾರುವವಳು. ಅವಳ ಕೋಣೆಗೆ ಬಾಗಿಲು ಬಿಟ್ಟರೆ ಇನ್ನೊಂದು ತೆರಪಿಲ್ಲ. ಅದರಾಚೆ, ಒಂದೇ ಇಟ್ಟಿಗೆಯ ದಪ್ಪದಷ್ಟು ದೂರದಲ್ಲಿ, ಮೂರು ಮನೆಯವರು ಬಿಟ್ಟ ಜಾಗವಿತ್ತು.

ಮೆಲಿಟೋನ್ ಸುತ್ತಿಗೆ ತೆಗೆದುಕೊಂಡು ಹೋಗಿ ಆ ಗೋಡೆಯನ್ನು ತಟ್ಟಿ ನೋಡಿದ. ಅವನೇ ಕಟ್ಟಿದ್ದು. ನಾಲ್ಕು ಏಟಿಗೆ ಬೀಳುತ್ತಿತ್ತು. ಬಾಗಿಲಲ್ಲಿ ನಿಂತ ಬಾಡಿಗೆಯವರು, "ಬೇಡ ಮೇಸ್ತ್ರಿ, ನಮ್ಮನ್ನ ಖಾಲಿ ಮಾಡಿಸ್ತಾನೆ ಅವ್ನು," ಎಂದರು. ಹುಡುಗಿಯೂ ಅದನ್ನೇ ಹೇಳಿದಳು.

ಅವನು ಸುತ್ತಿಗೆ ಕೆಳಗಿಟ್ಟ. ತೆಯೋದುಲೋನನ್ನು ಕರೆದು, ಇಬ್ಬರೂ ಸೇರಿ, ಇದ್ದಷ್ಟು ಗಾಳಿಯಾದರೂ ಸಿಗಲೆಂದು, ಅವಳ ಮಂಚವನ್ನು ಎತ್ತಿ ತಂದು ಓಣಿಯ ಕಡೆಯ ಬಾಗಿಲ ಪಕ್ಕಕ್ಕೆ ಹಾಕಿದರು.

"ಸಂಜೆ ರೊಸೆಂದಾ ಬರ್ತಾಳೆ," ಎಂದ ಮೆಲಿಟೋನ್. "ಅವಳ ಜೊತೆ ಮಾತ್ರೆಗೆ ಹೋಗಮ್ಮ. ಡಿಸೆಂಬರಲ್ಲೂ ಹೋಗ್ಬೇಕು, ಹಬ್ಬದಲ್ಲೂ ಹೋಗ್ಬೇಕು. ನಾನೇ ಬಂದು ಕೇಳ್ತಾ ಇರ್ತೀನಿ."

ಹುಡುಗಿ ತಲೆಯಾಡಿಸಿ ಗೋಡೆಯ ಕಡೆಗೆ ತಿರುಗಿ ಕೆಮ್ಮಿದಳು.